ತವುಡಿಗೆ ಕೊಟ್ಟ ಕೂಸು

ಗುಂಡ್ಲುಪೇಟೆಯಿಂದ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಒಪ್ಪಿದರು, ಹರದನಹಳ್ಳಿಯ ಆ ಹೆಂಚಿನ ಮನೆಯನ್ನು ಒಪ್ಪಿದರು, ಮಂಗಮ್ಮ ಮಾಡಿದ್ದ ಕೇಸರಿಬಾತನ್ನು ಎರಡನೆಯ ಸಲ ಹಾಕಿಸಿಕೊಂಡು ಅದನ್ನೂ ಒಪ್ಪಿದರು. ಒಪ್ಪದೆ ಉಳಿದದ್ದು ಹೆಸರೊಂದೇ.

"ಹೆಸ್ರೇನವ್ವ ನಿಂದು?" ಎಂದು ಹುಡುಗನ ತಾಯಿ ಜಯಮ್ಮಣ್ಣಿ ಅಕ್ಕರೆಯಿಂದಲೇ ಕೇಳಿದ್ದಳು.

"ಆಯಿಷಾ."

ಜಯಮ್ಮಣ್ಣಿ ಚಮಚವನ್ನು ತಟ್ಟೆಯಲ್ಲೇ ಬಿಟ್ಟು ಗಂಡನ ಮುಖ ನೋಡಿದಳು. ಗಂಡ ಸೋಮಣ್ಣ ಗೋಡೆಯ ಮೇಲಿನ ಮಾದಪ್ಪನ ಪಟ ನೋಡಿದ. ಇಬ್ಬರ ನಡುವೆ ಕೂತಿದ್ದ ಹುಡುಗ ಸುನೀಲ್ ಕುಮಾರ್ ಮಾತ್ರ ಹುಡುಗಿಯನ್ನೇ ನೋಡುತ್ತಿದ್ದ. ಕರೆಂಟು ಕಂಬ ಹತ್ತಿ ಇಳಿಯುವ ಲೈನ್‌ಮನ್ ಅವನು. ಹೆಸರಿನ ಚಿಂತೆ ಅವನಿಗಿದ್ದಂತೆ ಕಾಣಲಿಲ್ಲ.

ಕಂಬಕ್ಕೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಪುಟ್ಟಮಾದಮ್ಮ ಕೈ ನಿಲ್ಲಿಸಿದಳು.

"ಗಾಬ್ರಿ ಬೀಳ್ಬ್ಯಾಡಿ ಕಣವ್ವ. ನಮ್ಮ ಕೂಸೇ. ಇದ್ಕಿಂತ ಮುಂಚೆ ಎರಡು ಉಟ್ಟಿ, ನೀರು ಆಕೋ ಅಷ್ಟರಲ್ಲಿ ಕಣ್ಣು ಮುಚ್ಕಂಡ್ವು. ಅದಕ್ಕೇ ಇದ್ನ ಮೊರದಲ್ಲಾಕಿ ಸಾಬ್ರ ಮನೆ ಕೈರೂನಮ್ಮಂಗೆ ಒಂದು ಸೇರು ತವುಡಿಗೆ ಮಾರ್ಬುಟ್ಟೊ. ಕೊಂಡವಳು ಅವರ ಹೆಸ್ರ ಮಡಗಿದ್ಲು. ಕೂಸು ಬದುಕ್ತು."

"ಆ ಶಾಸ್ತ್ರ ನಮ್ಮ ಕಡೇನೂ ಅದೆ ಬುಡಜ್ಜಿ," ಎಂದಳು ಜಯಮ್ಮಣ್ಣಿ. "ನಮ್ಮ ಭಾವನ ಮಗನ್ನೂ ತವುಡಯ್ಯ ಅಂತ್ಲೇ ಕರೆಯಾದು. ಆದ್ರೆ ನಮ್ಮ ಕಡೆ ಕೊಳ್ಳೋರೂ ನಮ್ಮೋರೇ ಆಗಿರ್ತಾರೆ."

"ಎರಡು ಕೂಸು ಸತ್ತ ಮನೇಲಿ ಮೂರನೇದ್ನ ಎತ್ಕಳಕ್ಕೆ ನಮ್ಮೋರು ಯಾರೂ ಬರ್ನಿಲ್ಲ ಕಣವ್ವ. ಬಾಗಲಲ್ಲಿ ನಿಂತು ಸೆರಗೊಡ್ಡಿದೋಳು ಅವಳೊಬ್ಳೇ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಗಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ಬಂದವರ ತಟ್ಟೆ ಎತ್ತಲು ಮಗಳು ಒಳಗೆ ಬಂದು, "ಚಿಕ್ಕವ್ವ, ಕಾಫಿ ಸೋಸ್ಲಾ?" ಎಂದಳು.

ಚಿಕ್ಕವ್ವ. ಹೆತ್ತ ಮಗಳ ಬಾಯಲ್ಲಿ ಮಂಗಮ್ಮ ಇಪ್ಪತ್ತನಾಲ್ಕು ವರ್ಷವೂ ಕೇಳಿದ್ದು ಅದೊಂದೇ ಮಾತು. ಮಾರಿದ ಕೂಸು ಮಾರಿದವಳ ಮನೆಯಲ್ಲೇ ಬೆಳೆದರೂ ಅವಳನ್ನು ಅವ್ವ ಎನ್ನಕೂಡದು. ಎಂದರೆ ಸಾವಿಗೆ ಗುರುತು ಸಿಕ್ಕಿಬಿಡುತ್ತದೆ. ಕೂಸಿಗೆ ತೊದಲು ಮಾತು ಬಂದಾಗ ಅದು ತಾನಾಗಿ ಅವ್ವ ಎಂದದ್ದುಂಟು. ಆಗೆಲ್ಲ ಮಂಗಮ್ಮ ಅದರ ತುಟಿಯ ಮೇಲೆ ಬೆರಳಿಟ್ಟು, "ಊಹ್ಞೂಂ, ಚಿಕ್ಕವ್ವ ಅನ್ನು" ಎಂದು ತಿದ್ದಿದ್ದಳು. ಆಮೇಲೆ ಹುಟ್ಟಿದ ರವಿಕುಮಾರ ಅವ್ವ ಅವ್ವ ಎಂದು ಮನೆಯೆಲ್ಲ ಕೂಗಿಕೊಂಡು ಬೆಳೆದ. ಅಕ್ಕನಾದವಳು ಅದನ್ನು ನೋಡಿಕೊಂಡು ಬೆಳೆದಳು. ಮದುವೆ ಗೊತ್ತಾದ ಮೇಲೆ ಕೊಂಡವಳ ಮನೆಗೆ ಹೋಗಿ, ತವುಡು ಹಿಂದಕ್ಕೆ ಕೊಟ್ಟು, ಸೀರೆ ಉಡಿಸಿ, ಅವಳ ಬಾಯಿಂದ "ನಿನ್ನ ಕೂಸು ನಿನಗೆ" ಅನ್ನಿಸಿಕೊಂಡು ಬರಬೇಕು. ಅಲ್ಲಿಗೆ ಶಾಸ್ತ್ರ ಮುಗಿಯುತ್ತದೆ. ಆಮೇಲೆ ಅವ್ವ ಎನ್ನಬಹುದು. ಈ ಸಂಬಂಧ ಕುದುರಿದರೆ ತನಗೆ ಮಗಳು ಸಿಗುತ್ತಾಳೆ ಎಂದು ಮಂಗಮ್ಮ ಮನಸ್ಸಿನಲ್ಲೇ ಮಾದಪ್ಪನಿಗೆ ಕೈ ಮುಗಿದಳು. ಮಗಳನ್ನು ಕಳಿಸುವ ಹೊತ್ತಿಗೆ ಮಗಳು ಸಿಗುವುದು. ಅಷ್ಟಾದರೂ ಸಾಕಿತ್ತು ಅವಳಿಗೆ.

ಒಂದು ವಾರ ಕಳೆದ ಮೇಲೆ ಮಧ್ಯಸ್ಥಿಕೆಯ ನಂಜಯ್ಯ ಗುಂಡ್ಲುಪೇಟೆಯವರ ಮಾತು ತಂದ. ಹುಡುಗಿ ಆಗಬಹುದು. ಲಗ್ನಪತ್ರಿಕೆಯಲ್ಲಿ ಬೇರೆ ಹೆಸರಿರಲಿ. ಹುಡುಗನ ತಂಗಿ ವನಿತಾ ಶಿವರಂಜಿನಿ ಅಂತ ಆರಿಸಿದ್ದಾಳೆ.

ಆವತ್ತು ಊಟಕ್ಕೆ ಮುದ್ದೆ, ಹುರುಳಿಕಾಳಿನ ಉಪ್ಪೆಸರು. ಮಂಗಮ್ಮನ ಗಂಡ ಕೆಂಪಯ್ಯ ಮುದ್ದೆ ಮುರಿಯುತ್ತಲೇ ತೀರ್ಮಾನ ಹೇಳಿದ. "ಅವ್ರು ಕೇಳಾದ್ರಲ್ಲಿ ತಪ್ಪೇನದೆ? ಶಿವರಂಜಿನಿ ಅನ್ಲಿ."

"ಒಳ್ಳೇದೇ ಆಯ್ತು ಬುಡಪ್ಪ," ಎಂದ ರವಿಕುಮಾರ. "ನಮ್ಮಕ್ಕನ ಹೆಸ್ರ ಕೇಳುದ್ರೆ ಸಾಕು, ಕಾಲೇಜಲ್ಲಿ ಎಲ್ರೂ ನನ್ ಮೊಕ ನೋಡೋರು. ನಿಮ್ಮಪ್ಪಂಗೆ ಎರಡು ಸಂಸಾರವೇನ್ಲಾ ಅನ್ನೋರು."

"ಅನ್ನೋರ ಬಾಯ್ಗೆ ಮುದ್ದೆ ತುರುಕ್ಬೇಕಿತ್ತು ನೀನು," ಎಂದಳು ಅಜ್ಜಿ. "ಲೋ ಕೆಂಪ, ಹೆಸ್ರು ಏನಾರ ಮಾಡ್ಕಳಿ. ಕೈರೂನಮ್ಮನ ತಾವು ಯಾವತ್ತು ಓಗನ?"

ಕೆಂಪಯ್ಯ ಇನ್ನೊಂದು ತುತ್ತು ಸಾರಿಗೆ ಅದ್ದಿದ.

"ಕೇಳುಸ್ತಾ? ಕೊಂಡವಳ ಕೈಯಿಂದ ಈಸ್ಕಳ್ದೆ ಧಾರೆ ಎರೆಯೋ ಅಂಗಿಲ್ಲ. ಯಾರ ಕೂಸ ಯಾರ್ಲಾ ಧಾರೆ ಎರೆಯಾದು?"

"ಅವ್ವ, ಸುಮ್ನಿರು. ಸೀರೆ ಉಡ್ಸಿ, ಕರ್ದು, ಮುಂದ್ಗಡೆ ಕೂರ್ಸುದ್ರೆ ಹೆಸ್ರು ಬದಲಾಯ್ಸಿ ಏನ್ ಬಂತು? ಆ ಶಾಸ್ತ್ರ ಆ ಕಾಲಕ್ಕೆ. ಕೂಸು ಬದುಕ್ತು, ಬೆಳೀತು, ಮೆಡಿಕಲ್ ಸ್ಟೋರಲ್ಲಿ ಸಂಬಳ ತತ್ತಾ ಅದೆ. ಇನ್ನೇನು?"

"ಬದುಕಿದ್ದು ಯಾರಿಂದ?" ಎಂದಳು ಮಂಗಮ್ಮ. ಅವಳು ಗಂಡನಿಗೆ ಎದುರಾಡುವವಳಲ್ಲ. ಸಾರಿನ ಸೌಟು ಕೈಯಲ್ಲೇ ಇತ್ತು.

"ಮಾದಪ್ಪನಿಂದ," ಎಂದ ಕೆಂಪಯ್ಯ. "ಸಾರು ಬುಡು."

ಮಂಗಮ್ಮ ಸಾರು ಬಿಟ್ಟಳು.

ಭಾನುವಾರ ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ತಾಯಿ ಮಗಳು ಕಂಬಳಿ ಒಗೆಯುತ್ತಿದ್ದರು. ನೆನೆದ ಕಂಬಳಿಯ ಒಂದೊಂದು ತುದಿ ಹಿಡಿದು ಇಬ್ಬರೂ ಹಿಂಡುವಾಗ ಮಂಗಮ್ಮ ಕೇಳಿದಳು.

"ನಿಂಗೇನನ್ಸದೆ ಹೇಳಮ್ಮಿ."

"ಯಾವ್ದುಕ್ಕೆ?"

"ಹೆಸ್ರಿಗೆ."

ಆಯಿಷಾ ಕಂಬಳಿಯನ್ನು ಇನ್ನೊಂದು ಸುತ್ತು ತಿರುವಿದಳು. "ಹೋಗ್ಲಿ ಬುಡು ಚಿಕ್ಕವ್ವ. ಸ್ಕೂಲಲ್ಲಿ ಹೆಸ್ರು ಕೂಗಿದ್ರೆ ಎಲ್ರೂ ತಿರುಗೋರು. ಅಂಗಡೀಲಿ ಮಾತ್ರೆ ತಗಳ್ಳೋರೂ ಕೇಳ್ತಾರೆ, ನಿಮ್ಮೂರು ಯಾವ್ದು, ನಿಮ್ಮಪ್ಪ ಯಾರು, ಕುಂಕ್ಮ ಯಾಕಿಟ್ಟಿದ್ದೀಯ ಅಂತ. ತವುಡಿನ ಕತೆ ಹೇಳಿ ಹೇಳಿ ನಂಗೂ ಸಾಕಾಗದೆ. ಸುನೀಲ್ ಒಳ್ಳೆಯವ್ನಂಗೆ ಕಾಣ್ತಾನೆ."

"ಅಮ್ಮೀಗೆ ಹೇಳ್ದಾ?"

ಅಮ್ಮೀ ಎಂದರೆ ಕೈರೂನಮ್ಮ. ಕೆಲಸ ಮುಗಿಸಿ ಬಸ್ಸು ಹಿಡಿಯುವ ಮೊದಲು ಆಯಿಷಾ ವಾರಕ್ಕೊಮ್ಮೆಯಾದರೂ ಚಾಮರಾಜನಗರದ ಗಾಳಿಪುರಕ್ಕೆ ಹೋಗಿ ಅವಳನ್ನು ನೋಡಿ ಬರುತ್ತಿದ್ದಳು. ಮಂಡಿನೋವಿನ ಮಾತ್ರೆ ಒಯ್ಯುತ್ತಿದ್ದಳು.

"ಹುಡುಗ ನೋಡ್ಕಂಡು ಹೋದ್ರು ಅಂದೆ. ದುವಾ ಮಾಡ್ತೀನಿ ಅಂದ್ಲು. ಹೆಸ್ರಿನ ವಿಚಾರ..." ಆಯಿಷಾ ಮುಖ ಆ ಕಡೆ ತಿರುಗಿಸಿದಳು. "ನನ್ ಕೈಲಾಗಕ್ಕಿಲ್ಲ ಚಿಕ್ಕವ್ವ. ನೀನೇ ಹೇಳ್ಬುಡು."

ಕಂಬಳಿಯ ನೀರು ಇಬ್ಬರ ಕಾಲ ಮೇಲೂ ಸುರಿಯಿತು.

ಲಗ್ನಪತ್ರಿಕೆ ಅಚ್ಚಾಗಿ ಬಂತು. ಚಿ. ಸೌ. ಶಿವರಂಜಿನಿ. ಮಂಗಮ್ಮನಿಗೆ ಕೂಡಿಸಿ ಓದುವಷ್ಟು ಅಕ್ಷರ ಬರುತ್ತಿತ್ತು. ಯಾರದೋ ಮನೆಯ ಮದುವೆಗೆ ತಮ್ಮನ್ನು ಕರೆದಂತೆ ಅನ್ನಿಸಿತು. ಕೆಂಪಯ್ಯನೂ ರವಿಯೂ ಗಾಡಿ ಹತ್ತಿ ಉಡಿಗಾಲ, ಚಂದಕವಾಡಿ ಎಂದು ಪತ್ರಿಕೆ ಹಂಚಲು ಹೊರಟ ದಿನ ಅಜ್ಜಿ ಅಟ್ಟದ ಮೇಲಿನ ಮೊರ ಇಳಿಸಿ, ಮಿಲ್ಲಿನಿಂದ ತರಿಸಿಟ್ಟಿದ್ದ ತವುಡು ತುಂಬಿ, ಮೇಲೊಂದು ಬಟ್ಟೆ ಕಟ್ಟಿದಳು.

"ಓಗು. ನನ್ನ ಮಗ ಬಂದ್ರೆ ನಾ ಹೇಳ್ಕತೀನಿ. ಕೊಲ್ಲಾಕಂತೂ ಆಗಕ್ಕಿಲ್ಲ ನನ್ನ, ಆಗ್ಲೇ ಸಾಯೋ ಅಂಗಾಗಿವ್ನಿ."

ಮಂಗಮ್ಮ ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿಂದೆ ಇದೇ ಮೊರದಷ್ಟು ಅಗಲದಲ್ಲಿ ಒಂದು ಕೂಸು ಅಳಲೂ ತ್ರಾಣವಿಲ್ಲದೆ ಮಲಗಿತ್ತು. ಆಗ ಕೈರೂನಮ್ಮನ ಮನೆ ಹರದನಹಳ್ಳಿಯಲ್ಲೇ ನಾಲ್ಕು ಹೆಜ್ಜೆಯ ದೂರ. ಅವಳ ಗಂಡ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಮೈದುನನ ಮಗನ ಮನೆ ಸೇರಿದ್ದಳು.

ಕೈರೂನಮ್ಮ ಬಾಗಿಲ ಹೊರಗೆ ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮುಸುಕಿನಿಂದ ಹೊರಬಂದ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬಾ ಮಂಗಿ. ಕಾರ್ಡು ನಿಂಗಿಂತ ಮೊದ್ಲೇ ಬಂದ್ಬುಡ್ತು."

ಮಂಗಮ್ಮನ ಕಾಲು ಅಲ್ಲೇ ನಿಂತಿತು. "ಯಾರು ತಂದ್ರಕ್ಕ?"

"ನಮ್ಮ ಹುಡುಗ ಕೆಲ್ಸ ಮಾಡೋ ಗ್ಯಾರೇಜಿನ ಓನರ್‌ಗೆ ಮೊನ್ನೆ ನಿನ್ನ ಮಗ ಕೊಟ್ಟೋಗವನೆ. ಇವ್ನು ಓದ್ಕಂಡು ಬಂದು ಕೇಳ್ದ, ದೊಡ್ಡಮ್ಮಾ, ಅಪ್ಪನ ಹೆಸ್ರದೆ, ತಮ್ಮನ ಹೆಸ್ರದೆ, ಆ ಮನೇಲಿ ಇನ್ನೊಬ್ಳು ಮಗಳವಳಾ ಅಂತ."

ಮಂಗಮ್ಮ ಮೊರ ಕೆಳಗಿಟ್ಟು ಗೋಡೆ ಹಿಡಿದು ಕೂತು ಅತ್ತಳು. ಕೈರೂನಮ್ಮ ಬೇಡ ಎನ್ನಲಿಲ್ಲ. ಕೈ ತೊಳೆದು ಬಂದು ನೀರು ಕೊಟ್ಟಳು. ಮೊರದ ಬಟ್ಟೆ ಬಿಚ್ಚಿ ನೋಡಿದಳು.

"ನಾ ಕೊಟ್ಟಿದ್ದು ಒಂದು ಸೇರು. ಬಡ್ಡಿ ಸೇರ್ಸಿ ತಂದಿದ್ದೀಯ," ಎಂದು ನಕ್ಕಳು.

"ನಂಗೆ ಭಯ ಆಯ್ತದೆ ಅಕ್ಕ. ಆ ಹೆಸ್ರು ತಗದ್ರೆ ಏನಾರ ಆದದಾ? ಬದುಕಿರೋಳು ಅಂತ ಅದರರ್ಥ ಅಂತ ಅವತ್ತು ನೀನೇ ಹೇಳಿದ್ದೆ."

"ಅರಬ್ಬಿ ಮಾತಲ್ಲಿ ಅಂಗೇಯಾ. ಬದುಕಿರೋಳು, ಬಾಳೋಳು. ಆದ್ರೆ ಬದುಕ್ಸೋದು ಹೆಸ್ರಲ್ಲ ಕಣಮ್ಮಿ. ಆ ಹೆಸ್ರಿನ ಕೂಸುಗಳ್ನ ಮಣ್ಣಿಗೆ ಎತ್ಕಂಡೋಗಾದ್ನೂ ನಾ ನೋಡಿವ್ನಿ. ಉಸ್ರು ಕೊಡೋನು ಮೇಲವನೆ. ಕೊಟ್ಟ. ಇನ್ನೂ ಕೊಡ್ತಾನೆ. ನೀ ಭಯ ಬುಡು."

"ಮತ್ಯಾಕೆ ಆ ಹೆಸ್ರೇ ಇಟ್ಟೆ?"

ಕೈರೂನಮ್ಮ ಒಂದು ಹುಣಸೆಹಣ್ಣು ಎತ್ತಿಕೊಂಡು ನಾರು ತೆಗೆದಳು. ಬಿಡಿಸದೆ ಹಾಗೇ ಕೆಳಗಿಟ್ಟಳು.

"ನಮ್ಮ ಪೈಗಂಬರ್ ಸಾಹೇಬ್ರ ಮನೆಯಾಕೆ ಹೆಸ್ರು ಅದು. ಬಲು ತಿಳ್ಕಂಡಿದ್ದ ತಾಯಿ. ದೊಡ್ಡೋರೆಲ್ಲ ಬಂದು ಆಕೆ ತಾವು ಧರ್ಮದ ಮಾತ ಕೇಳ್ಕಂಡು ಓಗೋರಂತೆ. ಆಕೆಗೆ ಮಕ್ಕಳಾಗ್ನಿಲ್ಲ ಮಂಗಿ. ಆದ್ರೂ ನಂಬ್ದೋರ್ಗೆಲ್ಲ ತಾಯಿ ಆಕೆ. ಇವತ್ಗೂ ನಾವು ಅಂಗೇ ಅನ್ನಾದು, ನಮ್ಮೆಲ್ರ ತಾಯಿ ಅಂತ. ನಮ್ಮಜ್ಜಿ ರಾಗವಾಗಿ ಹೇಳೋಳು ಆ ಕತೇನ. ನಂಗೆ ಮದ್ವೆಯಾಗಿ ವರ್ಸ ಉರುಳುದ್ರೂ ಒಂದು ಬಸ್ರು ನಿಲ್ನಿಲ್ಲ. ಆಗೆಲ್ಲ ಆ ಕತೆ ನೆನುಸ್ಕಳೋಳು ನಾನು. ನೀ ಮೊರ ತಂದು ನನ್ನ ಸೆರಗಿಗೆ ಸುರುದೆ. ಕೂಸು ಬದುಕ್ಲಿ ಅಂತ ಬಾಯಲ್ಲಿ ಅಂದೆ. ಹೆರದೇ ಇದ್ರೂ ತಾಯಿ ಅನ್ನುಸ್ಕಳನ ಅಂತ ಮನ್ಸು ಅಂತು. ಎರಡಕ್ಕೂ ಅದೊಂದೇ ಹೆಸ್ರು ಸಾಕಾಯ್ತು."

ಮಂಗಮ್ಮ ಅವಳನ್ನೇ ನೋಡಿದಳು. ಇಷ್ಟು ವರ್ಷವೂ ಕೊಟ್ಟವಳು ತಾನು, ಕಳೆದುಕೊಂಡವಳು ತಾನು ಎಂದೇ ತಿಳಿದಿದ್ದಳು. ಕೊಂಡವಳು ಒಂದು ದಿನ ವಾಪಸು ಕೊಡಬೇಕೆಂದು ಗೊತ್ತಿದ್ದೂ ಇಷ್ಟು ವರ್ಷ ಕೂಸನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂಬುದು ಅವಳಿಗೆ ಹೊಳೆದಿರಲೇ ಇಲ್ಲ.

ಮಂಗಮ್ಮ ತಂದ ಹಸಿರು ಸೀರೆಯನ್ನು ಕೈರೂನಮ್ಮ ಹೆಗಲ ಮೇಲೆ ಹಾಕಿಕೊಂಡಳು. ತವುಡನ್ನು ಮನೆಯೊಳಗೆ ಸುರಿದುಕೊಂಡು ಬರಿದಾದ ಮೊರವನ್ನು ಮಂಗಮ್ಮನ ಮಡಿಲಿಗಿಟ್ಟಳು.

"ಬಿಸ್ಮಿಲ್ಲಾ. ನಿನ್ನ ಕೂಸು ನಿಂಗೆ ಕಣ್ ಮಂಗಿ."

"ಮದ್ವೆಗೆ ಬಾ ಅಕ್ಕ."

"ನಿನ್ ಗಂಡ?"

"ನಾ ಕರ್ದಿದ್ದೀನಿ. ಬಾ."

ಸಾಯಂಕಾಲ ಕೆಂಪಯ್ಯ ಬಂದವನು ಬರಿಯ ಮೊರ ನೋಡಿ ಎಲ್ಲವನ್ನೂ ತಿಳಿದುಕೊಂಡ. "ಏನ್ ಮಾಡ್ಬುಟ್ಟೆ ನೀನು? ಜಯಮ್ಮಣ್ಣಿ ಕಡೇಯವ್ರ ಮುಂದೆ ನನ್ ಮಾನ ಏನಾಗ್ಬೇಕು?" ಎಂದು ಬೀದಿಗೆ ಕೇಳುವಂತೆ ಕೂಗಾಡಿದ. ಅಜ್ಜಿ ಅಡ್ಡ ಬಂದಳು. "ನಾ ಕಳ್ಸಿದ್ದು ಕಣ್ಲಾ. ನಂಗ್ ಅನ್ನು." ಅವನು ಊಟ ಬಿಟ್ಟು ಜಗಲಿಯಲ್ಲಿ ಮಲಗಿದ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತ್ರ, "ಬರ್ಲಿ. ಬಂದು ಉಂಡು ಓಗ್ಲಿ. ಆ ಹೆಸ್ರು ಕೂಗ್ಬಾರ್ದು ಅಷ್ಟೆ" ಎಂದ.

ಕೈರೂನಮ್ಮ ಕೂಸನ್ನು ಹಿಂದಕ್ಕೆ ಕೊಟ್ಟ ಮಾತು ಮಗಳಿಗೆ ತಿಳಿಸಲು ಮಂಗಮ್ಮನಿಗೆ ಬಿಡುವೇ ಸಿಗಲಿಲ್ಲ. ಚಪ್ಪರ, ಅರಿಶಿನ, ನೆಂಟರು, ಬಳೆ ತೊಡಿಸುವವರು. ಕೊನೆಗೆ ಎಣ್ಣೆ ಶಾಸ್ತ್ರದ ದಿನ ಮಗಳ ತಲೆಗೆ ಎಣ್ಣೆ ಒತ್ತುತ್ತಾ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ಅಮ್ಮೀ ಕೊಟ್ಲು ಕಣಮ್ಮಿ. ಇನ್ನು ನೀನು ನನ್ನ ಅವ್ವ ಅನ್ಬೌದು."

ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಎಣ್ಣೆ ಹಣೆಗಿಳಿಯಿತು. "ಅಮ್ಮೀ ಏನಂದ್ಲು?"

"ನಿನ್ನ ಕೂಸು ನಿಂಗೆ ಅಂದ್ಲು."

"ಅಷ್ಟೇಯಾ?"

"ಅಷ್ಟೇಯಾ."

ಹುಡುಗಿ ಹಣೆಯ ಎಣ್ಣೆಯನ್ನು ಅಂಗೈಯಿಂದ ಒರೆಸಿಕೊಂಡಳು. ಸುತ್ತ ಹೆಂಗಸರು ಸೋಬಾನೆ ಎತ್ತಿಕೊಂಡರು. ಮಂಗಮ್ಮ ಕಾದಳು. ಮಗಳ ಬಾಯಿಂದ ಅವ್ವ ಎಂಬ ಮಾತು ಬರಲಿಲ್ಲ.

ಮದುವೆ ಚಾಮರಾಜನಗರದ ಛತ್ರದಲ್ಲಿ. ಧಾರೆ ಮುಗಿದು ಜನ ಅಕ್ಷತೆ ಹಾಕಲು ಸಾಲಾಗಿ ನಿಂತಾಗ ಕೈರೂನಮ್ಮ ಆ ಹಸಿರು ಸೀರೆ ಉಟ್ಟು, ತಲೆಯ ಮೇಲೆ ಬಿಳಿಯ ದುಪಟ್ಟಾ ಹೊದ್ದು ಬಂದಳು. ಕೆಂಪಯ್ಯ ಕಂಡೂ ಕಾಣದವನಂತೆ ಊಟದ ಮನೆಯ ಕಡೆ ನಡೆದ. ಮಂಡಿ ಹಿಡಿದುಕೊಂಡು ಅವಳು ಒಂದೊಂದೇ ಮೆಟ್ಟಿಲು ಹತ್ತುವಾಗ ಮಂಗಮ್ಮ ಹೋಗಿ ಕೈ ಕೊಟ್ಟಳು.

"ಯಾರಿವ್ರು?" ಎಂದಳು ಪಕ್ಕದಲ್ಲಿದ್ದ ವನಿತಾ.

"ನಮ್ಮೂರೋರು," ಎಂದಳು ಮಂಗಮ್ಮ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಕೂಸಿನ ಅಮ್ಮೀ ಎಂಬ ಮಾತು ಅವಳ ಬಾಯಲ್ಲೂ ಬಂದಿರಲಿಲ್ಲ.

ಬಾಸಿಂಗದ ಕೆಳಗೆ ಹುಡುಗಿಯ ಕಣ್ಣು ಅರಳಿತು. "ಅಮ್ಮೀ," ಎಂದು ತುಟಿ ಅಲ್ಲಾಡಿಸಿದಳು. ಕೈರೂನಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಒಳಗೊಳಗೇ ಏನೋ ಓದಿ ಮೆಲ್ಲಗೆ ಊದಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, ಪಾಠ ಒಪ್ಪಿಸುವ ಮಗುವಿನ ಹಾಗೆ ಅಕ್ಷರ ಬಿಡಿಸಿ ಬಿಡಿಸಿ ಹೇಳಿದಳು.

"ಶಿವರಂಜಿನಿ, ಸುಖವಾಗಿ ಬಾಳವ್ವ."

ಹುಡುಗಿ ಅವಳ ಕೈ ಹಿಡಿಯಲು ಹೋದಳು. ಫೋಟೋದವನು "ಅಜ್ಜಿ, ಸ್ವಲ್ಪ ಸೈಡು" ಎಂದ. ಕೈರೂನಮ್ಮ ಸೈಡಿಗೆ ಸರಿದಳು. ಊಟಕ್ಕೆ ನಿಲ್ಲಲಿಲ್ಲ.

ಬೀಗರೂಟಕ್ಕೆ ಹರದನಹಳ್ಳಿಯವರೆಲ್ಲ ವ್ಯಾನು ಮಾಡಿಕೊಂಡು ಗುಂಡ್ಲುಪೇಟೆಗೆ ಹೋದರು. ಸೋಮಣ್ಣನ ಮನೆಯ ಹಿತ್ತಲಲ್ಲಿ ಮೂರು ಒಲೆ ಹೂಡಿ ಕುರಿಯ ಸಾರು ಕುದಿಯುತ್ತಿತ್ತು. ಮದುಮಗಳು ಹೊಸ ಸೀರೆಯ ಸೆರಗು ಸಿಕ್ಕಿಸಿ ಬಡಿಸುವವರ ಜೊತೆ ಓಡಾಡುತ್ತಿದ್ದಳು. "ಶಿವರಂಜಿನಿ, ನೀರು" ಎಂದರೆ ಥಟ್ಟನೆ ತಿರುಗುವುದನ್ನೂ ಕಲಿತಿದ್ದಳು. ಜಯಮ್ಮಣ್ಣಿ ಬೀಗಿತ್ತಿಯ ಕೈ ಹಿಡಿದು, "ನಿಮ್ಮ ಕೂಸ ನಾವು ಹೂವಿನಂಗೆ ನೋಡ್ಕತೀವಿ ಕಣಕ್ಕ" ಎಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ. ಮಂಗಮ್ಮನಿಗೆ ಅದು ಕಾಣುತ್ತಿತ್ತು.

ಊಟ ಮುಗಿಸಿ ಮಂಗಮ್ಮ ಹಿತ್ತಲ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದಳು. ಬೆನ್ನ ಹಿಂದೆ ಮಗಳ ದನಿ ಕೇಳಿಸಿತು.

"ಅವ್ವಾ, ಇಲ್ಬಾ ಒಸಿ. ಉಪ್ಪು ಸಾಕಾ ನೋಡು."

ಮಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಬಂದೆ ಕಣವ್ವ, ಬಂದೆ" ಎಂದು ತಿರುಗಿ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಒಲೆಯ ಆ ಕಡೆಯಿಂದ ಜಯಮ್ಮಣ್ಣಿ ಬಂದು, ಸೊಸೆ ಹಿಡಿದಿದ್ದ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. "ಸರಿಯಾಗದೆ," ಎಂದಳು. ಮಂಗಮ್ಮನ ಕಡೆ ನೋಡಿ ಸಂತೋಷದಿಂದ, "ಅತ್ತೆ ಗಿತ್ತೆ ಬ್ಯಾಡ, ಅವ್ವ ಅನ್ನು ಅಂದೆ ಕಣಕ್ಕ. ಒಂದೇ ದಿನಕ್ಕೆ ಕಲ್ತ್ಕಂಡ್ಳು" ಎಂದಳು.

ಮಗಳು ತಲೆಯೆತ್ತಿದಳು. ಒದ್ದೆ ಕೈ ಹಿಡಿದು ನಿಂತ ಮಂಗಮ್ಮನನ್ನು ನೋಡಿ ಅವಳ ಮುಖ ಕಪ್ಪಿಟ್ಟಿತು. ಅಭ್ಯಾಸದ ಮಾತೇ ಹೊರಗೆ ಬಿತ್ತು.

"ಚಿಕ್ಕವ್ವ... ಊಟ ಆಯ್ತಾ?"

"ಆಯ್ತು ಕಣಮ್ಮಿ," ಎಂದಳು ಮಂಗಮ್ಮ. "ಸಾರು ಚೆನ್ನಾಗಿತ್ತು."

ಮರಳುವ ದಾರಿಯಲ್ಲಿ ವ್ಯಾನಿನೊಳಗೆ ಎಲ್ಲರೂ ಊಟವನ್ನು ಹೊಗಳುತ್ತಿದ್ದರು. ದಾರಿಯ ಎರಡೂ ಕಡೆ ಕೊಯ್ಯದ ಚೆಂಡುಹೂವಿನ ಹೊಲ. ಚಾಮರಾಜನಗರ ಬಂದಾಗ ಮಂಗಮ್ಮ, "ನಿಲ್ಸಿ, ನಾನಿಲ್ಲಿ ಇಳ್ಕತೀನಿ" ಎಂದಳು.

"ಎಲ್ಗೆ?" ಎಂದ ಕೆಂಪಯ್ಯ. ಅವಳ ಮುಖ ನೋಡಿದ. "ಬಸ್ಸಿಗೆ ಬಂದ್ಬುಡು," ಎಂದ.

ಕೈರೂನಮ್ಮ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಚಾಪೆ ಮಡಿಸುತ್ತಿದ್ದಳು. ಮಂಗಮ್ಮ ಒಳಗೆ ಬಂದು ಗೋಡೆಗೊರಗಿ ಕೂತಳು.

"ನಿನ್ನ ಮಗಳು ಎಂಗವಳೆ?" ಎಂದಳು ಕೈರೂನಮ್ಮ. ಕೊಟ್ಟ ಮಾತಿಗೆ ತಪ್ಪದಂತೆ 'ನಿನ್ನ' ಎಂದೇ ಕೇಳಿದಳು.

"ಚೆನ್ನಾಗವಳೆ. ಅತ್ತೇನ ಅವ್ವ ಅಂತಾಳೆ."

"ನಿನ್ನ?"

ಮಂಗಮ್ಮ ಇಲ್ಲವೆಂದು ತಲೆಯಾಡಿಸಿದಳು.

"ನಾ ಕೊಟ್ಬುಟ್ನಲ್ಲ ಮಂಗಿ," ಎಂದಳು ಕೈರೂನಮ್ಮ. "ಪೂರ್ತಿ ಕೊಟ್ಬುಟ್ಟೆ. ಏನೂ ಇಟ್ಕಳ್ನಿಲ್ಲ."

"ನೀ ಕೊಟ್ಟೆ ಅಕ್ಕ. ನಾ ಈಸ್ಕಂಡೆ. ಕೂಸು ಇಬ್ರ ತಾವ್ಲೂ ಇಲ್ಲ."

ಕೈರೂನಮ್ಮ ಚಾಪೆಯನ್ನು ಅರ್ಧ ಮಡಿಸಿದವಳು ಹಾಗೇ ಕೆಳಗೆ ಕೂತಳು. ಹೊರಗೆ ಯಾರೋ ಮಕ್ಕಳನ್ನು ಮನೆಗೆ ಕರೆಯುತ್ತಿದ್ದರು. ಒಂದೊಂದೇ ಹೆಸರು ಕೂಗಿ ಕರೆಯುತ್ತಿದ್ದರು. ಇಬ್ಬರೂ ಕೂತು ಅದನ್ನು ಕೇಳಿಸಿಕೊಂಡರು.